ಇಟ್ಟಿಗೆ ಸಂದು

ಸ್ಟುಡಿಯೋದಲ್ಲಿ ಸಿನಿಮಾಗಳ ಬಣ್ಣ ತಿದ್ದುವ ಬಣ್ಣದಕ್ಕನ ಕೋಣೆಯಲ್ಲಿ ಎರಡು ಪರದೆಗಳಿದ್ದವು. ದೊಡ್ಡದರಲ್ಲಿ ಚಿತ್ರ, ಚಿಕ್ಕದರಲ್ಲಿ ಗ್ರಾಫ್. ಚಿಕ್ಕದರ ಮೇಲೆ ಸದಾ ಒಂದು ಬೂದು ಬಣ್ಣದ ಟವೆಲ್ ಇಳಿಬಿದ್ದಿರುತ್ತಿತ್ತು.

ಹೊಸದಾಗಿ ಬಂದವರು ಅದನ್ನು ಒಣಗಲು ಹಾಕಿದ್ದಾರೆ ಎಂದುಕೊಳ್ಳುತ್ತಿದ್ದರು. ಹಳಬರಿಗೆ ಗೊತ್ತಿತ್ತು, ಅದು ಬಣ್ಣದಕ್ಕನ ಬಾವುಟ. ಚಿತ್ರದ ಬೆಳಕೆಲ್ಲ ಆ ಗ್ರಾಫಿನಲ್ಲಿ ಗೆರೆಗೆರೆಯಾಗಿ ಏಳುತ್ತದೆ. ಬೆಳಗುವುದು ಮೇಲೆ, ಕತ್ತಲು ಕೆಳಗೆ. ಗೆರೆ ಮೇಲಿನ ಅಂಚಿಗೆ ಬಡಿದು ಚಪ್ಪಟೆಯಾದರೆ ಚಿತ್ರದ ಆ ಭಾಗ ಬರೀ ಸುಣ್ಣ. ಕೆಳಗಿನ ಅಂಚಿಗೆ ಕುಸಿದು ಕೂತರೆ ಬರೀ ಮಸಿ. ಎರಡರಲ್ಲೂ ಏನಿತ್ತೆಂದು ಆಮೇಲೆ ಯಾರೂ ಹೇಳಲಾರರು. ಬೇರೆ ಸ್ಟುಡಿಯೋಗಳಲ್ಲಿ ಬಣ್ಣ ತಿದ್ದುವವರು ಒಂದು ಕಣ್ಣು ಚಿತ್ರದ ಮೇಲೆ, ಇನ್ನೊಂದು ಕಣ್ಣು ಗ್ರಾಫಿನ ಮೇಲೆ ಇಟ್ಟೇ ಕೆಲಸ ಮಾಡುತ್ತಾರೆ. ಬಣ್ಣದಕ್ಕನಿಗೆ ಅದು ಮರ್ಯಾದೆಯ ಪ್ರಶ್ನೆ. "ಗ್ರಾಫ್ ನೋಡ್ಕೊಂಡು ಬಣ್ಣ ಹಾಕೋರೂ ಒಂದೇ, ಥರ್ಮಾಮೀಟರ್ ಇಟ್ಕೊಂಡು ಮಗೂನ ಮುದ್ದು ಮಾಡೋರೂ ಒಂದೇ" ಎನ್ನುತ್ತಿದ್ದಳು.

ಹಾಗೆ ಹೇಳಲು ಅವಳಿಗೆ ಹಕ್ಕಿತ್ತು. ಇಪ್ಪತ್ತಾರು ವರ್ಷದ ಕೆಲಸ. ಒಮ್ಮೆ ಒಬ್ಬ ಕ್ಯಾಮೆರಾಮನ್ ಎರಡು ದೃಶ್ಯಗಳ ಬಣ್ಣ ಒಂದೇ ಎಂದು ಮೇಜು ಕುಟ್ಟಿ ವಾದಿಸಿದ್ದ. ಎರಡನೆಯದರಲ್ಲಿ ಕೆನ್ನೆ ಕೂದಲೆಳೆಯಷ್ಟು ಹಸಿರು ಎಂದು ಇವಳು ಪಟ್ಟು ಹಿಡಿದಿದ್ದಳು. ಗ್ರಾಫ್ ತೆರೆದು ನೋಡಿದರೆ ಕೂದಲೆಳೆಯಷ್ಟೇ ಹಸಿರು. ಆ ದಿನ ಟವೆಲ್ ಮತ್ತೆ ಪರದೆ ಏರಿತು, ಇಳಿಯಲಿಲ್ಲ.

ಈಚೆಗೆ ಒಂದೂವರೆ ವರ್ಷದಿಂದ ಮಾತ್ರ ಅವಳಿಗೆ ಲೋಕದ ಮೇಲೇ ಒಂದು ತಕರಾರಿತ್ತು. ಬರುವ ಚಿತ್ರಗಳೆಲ್ಲ ಮಂಕು. ಈಗಿನ ಕ್ಯಾಮೆರಾಗಳಿಗೆ ಜೀವವೇ ಇಲ್ಲ ಎಂದು ಬೈದುಕೊಂಡು ಬೆಳಕನ್ನು ಇನ್ನಷ್ಟು ಏರಿಸುವಳು, ಕತ್ತಲನ್ನು ಇನ್ನಷ್ಟು ತುಳಿಯುವಳು, ಹಳದಿಯನ್ನು ಒರೆಸಿ ತೆಗೆಯುವಳು. ಮನೆಯಲ್ಲೂ ಅದೇ ರಗಳೆ. ಬಟ್ಟೆ ಒಗೆಯುವ ಪಾಳಿ ಗಂಡನದು. ಬಿಳಿ ಶರ್ಟುಗಳೆಲ್ಲ ಹಳದಿಯಾಗಿವೆ ಎಂದು ಅವನಿಂದ ಮೂರು ಸಲ ಸೋಪು ಬದಲಾಯಿಸಿದ್ದಳು. ಪಾಪ, ಅವನು ನಾಲ್ಕನೆಯದನ್ನು ಹುಡುಕುತ್ತಿದ್ದ. ಒಂದಿಬ್ಬರು ಗಿರಾಕಿಗಳು "ಸ್ವಲ್ಪ ಜಾಸ್ತಿ ಆಯ್ತೇನೋ ಅಕ್ಕ" ಎಂದು ಗೊಣಗಿದ್ದೂ ಉಂಟು. ನಿಮಗೆ ಅಭ್ಯಾಸ ತಪ್ಪಿದೆ ಎಂದು ಅವರ ಬಾಯಿ ಮುಚ್ಚಿಸಿದ್ದಳು.

ಇಂಥ ಹೊತ್ತಿನಲ್ಲಿ ತಮ್ಮ ತನ್ನ ಫಿಲಂ ತಂದ.

ತಮ್ಮನ ಹೊಟ್ಟೆಪಾಡು ಕಾರ್ಖಾನೆಗಳಿಗೆ ಸುರಕ್ಷತೆಯ ಚಿತ್ರಗಳನ್ನು ಮಾಡಿಕೊಡುವುದು. ಹೆಲ್ಮೆಟ್ ಹೀಗೆ ಹಾಕಿ, ಏಣಿ ಹಾಗೆ ಹಿಡಿಯಿರಿ. ಊರಾಚೆಯ ಗಾಜಿನ ಕಾರ್ಖಾನೆ ಮುಚ್ಚುತ್ತದೆ ಎಂದು ಗೊತ್ತಾದಾಗ ಅವನು ಹೇಗೋ ಅನುಮತಿ ಗಿಟ್ಟಿಸಿ, ಕೊನೆಯ ವಾರವನ್ನು ತನ್ನ ಖರ್ಚಿನಲ್ಲೇ ಚಿತ್ರೀಕರಿಸಿದ್ದ. ಬೇರೆ ಯಾವ ಕಾರ್ಖಾನೆಯಾಗಿದ್ದರೂ ಹೀಗೆ ಮೈಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಅದು ಅಪ್ಪನ ಕಾರ್ಖಾನೆ. ಅಪ್ಪ ಅಲ್ಲಿ ಮೂವತ್ತನಾಲ್ಕು ವರ್ಷ ಕುಲುಮೆ ಕಾದವರು. ಗಾಜು ಕರಗುವ ಕುಲುಮೆಯ ಗೋಡೆಯಲ್ಲಿ ಊಟದ ತಟ್ಟೆಯಷ್ಟಗಲದ ಕಿಂಡಿ. ಅದರಲ್ಲಿ ನೀಲಿ ಗಾಜು ಹಿಡಿದು ನೋಡಿ, ಬೆಂಕಿಯ ಬಣ್ಣದಿಂದಲೇ ಶಾಖ ಎಷ್ಟೆಂದು ಹೇಳಿ, ಗ್ಯಾಸಿನ ಚಕ್ರವನ್ನು ಏರಿಸಿ ಇಳಿಸುವುದು ಅವರ ಕೆಲಸ. ಜೊತೆಯವರ ಬಾಯಲ್ಲಿ ಅವರು ಕಿಂಡಿಯಣ್ಣ. ಕಾರ್ಖಾನೆಯಲ್ಲಿ ಕೂಗುವಂತೆಯೇ ಮನೆಯಲ್ಲೂ, ಮಕ್ಕಳು ನಲ್ಲಿಯನ್ನು ಅರೆಬರೆ ಮುಚ್ಚಿ ಓಡಿದರೆ "ಅರ್ಧ ಸುತ್ತು ಬಾಕಿ!" ಎಂದು ಒಳಗಿಂದಲೇ ಕೂಗುವ ಅಪ್ಪ. ಕುಲುಮೆಯ ಚಕ್ರ ಪೂರ್ತಿ ಮುಚ್ಚಲು ಮೂರೂವರೆ ಸುತ್ತು. ಅವಸರದವರೆಲ್ಲ ಮೂರಕ್ಕೇ ಕೈ ಬಿಡುತ್ತಾರೆಂಬುದು ಅವರ ಜೀವಮಾನದ ದೂರು.

ನಿವೃತ್ತರಾಗಿ ಹದಿನೈದು ವರ್ಷವಾಗಿದ್ದ ಅಪ್ಪನನ್ನು ತಮ್ಮ ಕೊನೆಯ ದಿನ ಹಳೆಯ ಖಾಕಿ ಅಂಗಿ ಹಾಕಿಸಿ ಕರೆದೊಯ್ದಿದ್ದ. ಇಡೀ ಫಿಲಮಿನ ಪ್ರಾಣ ಆ ಒಂದೇ ದೃಶ್ಯ. ನಲವತ್ತು ಸೆಕೆಂಡು. ಅಪ್ಪ ಕಿಂಡಿಗೆ ಬಾಗುತ್ತಾರೆ, ನೋಡುತ್ತಾರೆ, ಚಕ್ರಕ್ಕೆ ಕೈ ಹಾಕಿ ಮೂರು ಸುತ್ತು ತಿರುಗಿಸುತ್ತಾರೆ, ಒಂದು ಗಳಿಗೆ ನಿಂತು ಉಸಿರೆಳೆದುಕೊಂಡು ಉಳಿದರ್ಧ ಮುಗಿಸುತ್ತಾರೆ. ಹಿನ್ನೆಲೆಯಲ್ಲಿ ತಮ್ಮನ ದನಿ: ಮೂವತ್ತನಾಲ್ಕು ವರ್ಷ ಕಾಯ್ದ ಬೆಂಕಿಯನ್ನು ಅಪ್ಪ ಕೈಯಾರೆ ಆರಿಸಿದರು. ಮತ್ತೊಮ್ಮೆ ತೆಗೆಯುವಂತಿಲ್ಲ. ಕುಲುಮೆಯನ್ನು ಒಡೆದು ಇಟ್ಟಿಗೆಗಳನ್ನು ಲಾರಿಗೆ ಹೇರಿಯಾಗಿತ್ತು. ಭಾನುವಾರ ಬೆಳಿಗ್ಗೆ ಕಾರ್ಮಿಕರ ಸಭಾಭವನದಲ್ಲಿ ಹಳೆಯ ಕೆಲಸಗಾರರಿಗೆಲ್ಲ ಫಿಲಂ ತೋರಿಸುವುದೆಂದು ನಿಶ್ಚಯವಾಗಿತ್ತು.

"ರಾ ದಲ್ಲೇ ತೆಗೆದಿದ್ದೀನಿ ಅಕ್ಕ. ಬೆಂಕಿ ಉರಿದು ಬೆಳ್ಳಗಾಗದ ಹಾಗೆ ಬೆಳಕು ಕಮ್ಮಿ ಮಾಡಿದ್ದೆ. ಅಪ್ಪನ ಮುಖ ಕತ್ತಲಲ್ಲಿದೆ, ಆದ್ರೆ ಒಳಗೆ ಎಲ್ಲಾ ಇದೆ. ನೀನು ಹೊರಗೆ ತೆಗೀಬೇಕು ಅಷ್ಟೆ" ಎಂದ ತಮ್ಮ.

ಇದು ಅವಳಿಗೆ ಹೇಳಿಕೊಡಬೇಕಾದ ಪಾಠವಲ್ಲ. ಅಮ್ಮ ಇದ್ದಾಗ ಮಕ್ಕಳ ಶಾಲೆಯ ಬಟ್ಟೆ ಹೊಲಿಯುವಾಗ ಅಂಚಿನಲ್ಲಿ ಎರಡು ಇಂಚು ಬಟ್ಟೆ ಒಳಗೆ ಮಡಚಿ ಬಿಡುತ್ತಿದ್ದಳು; ಮುಂದಿನ ವರ್ಷ ಬೇಕಾದಾಗ ಬಿಚ್ಚಿ ಉದ್ದ ಮಾಡಲು. ರಾ ಎಂದರೆ ಆ ಮಡಿಕೆ. ಕ್ಯಾಮೆರಾ ಕಂಡ ಬೆಳಕೂ ಕತ್ತಲೂ ಎರಡೂ ತುದಿಯಲ್ಲಿ ಕತ್ತರಿಸದೆ ಒಳಗೇ ಇರುತ್ತವೆ. ಬಣ್ಣ ತಿದ್ದುವವರು ಬೇಕಾದಷ್ಟು ಬಿಚ್ಚಿಕೊಳ್ಳಬಹುದು. ತಿದ್ದಿ ಕೊನೆಯ ಪ್ರತಿ ಮಾಡಿದ ಮೇಲೆ ಮಾತ್ರ ಮಡಿಕೆ ಹೋಯಿತು. ನೋಡುವವರಿಗೆ ಸಿಗುವುದು ಹೊರಗೆ ಉಳಿದ ಬಟ್ಟೆಯೇ.

ಬಣ್ಣದಕ್ಕ ನಾಲ್ಕು ದಿನ ಕೂತಳು. ಕಿಂಡಿಯ ದೃಶ್ಯಕ್ಕೇ ಒಂದು ಇಡೀ ದಿನ. ಬೆಂಕಿ ಅವಳಿಗೆ ಹಳೆಯ ಬಲ್ಬಿನಂತೆ ಕಂಡಿತು, ಅದನ್ನು ಏರಿಸಿದಳು. ಏರಿಸಿದ್ದಕ್ಕೆ ಅಪ್ಪನ ಸುತ್ತಲಿನ ಕತ್ತಲು ತೆಳುವಾದಂತೆ ಕಂಡಿತು; ಅದನ್ನು ತುಳಿದಳು. ಹಳದಿ ಕಂಡಿತು; ಒರೆಸಿದಳು. ಕೊನೆಗೆ ಕಪ್ಪು ಪರದೆಯ ನಡುವೆ ಧಗಧಗ ಹೊಳೆಯುವ ತಟ್ಟೆ, ಅದರ ಪಕ್ಕ ಅಪ್ಪನ ಮೂಗಿನ ಗೆರೆ. ಅವಳಿಗೇ ರೋಮಾಂಚನವಾಯಿತು. ತಮ್ಮನಂತೂ "ಸಿನಿಮಾ ಅಂದ್ರೆ ಇದು ನೋಡು!" ಎಂದು ಕುರ್ಚಿಯಿಂದ ಎದ್ದು ನಿಂತ.

ಸೋಮವಾರ ಅಪ್ಪನನ್ನು ಕರೆಸಿದರು. ಮೂರು ಮಹಡಿ ಹತ್ತಿ ಬಂದ ಅಪ್ಪ, ಗಿರಾಕಿಗಳು ಕೂರುವ ಮೆತ್ತನೆಯ ಸೋಫಾ ಬಿಟ್ಟು ಮರದ ಕುರ್ಚಿಯನ್ನೇ ಎಳೆದುಕೊಂಡು ಕೂತರು. ಫಿಲಂ ಇಡೀ ಸದ್ದಿಲ್ಲದೆ ನೋಡಿದರು. ಕಿಂಡಿಯ ದೃಶ್ಯ ಬಂದಾಗ ಮುಂದಕ್ಕೆ ಬಾಗಿದರು. ಮುಗಿದ ಮೇಲೆ ಮಕ್ಕಳಿಬ್ಬರೂ ಅವರ ಮುಖವನ್ನೇ ನೋಡುತ್ತಿದ್ದರು.

"ಚೆನ್ನಾಗಿದೆ" ಎಂದರು ಅಪ್ಪ. ಪರದೆಯತ್ತ ಕೈ ತೋರಿಸಿ, "ಆ ಬೆಂಕಿ ಮಾತ್ರ ನಾನು ಅವತ್ತು ನೋಡಿದ ಬೆಂಕಿ ಅಲ್ಲ" ಎಂದರು.

"ಅಂದ್ರೆ?"

"ಇಷ್ಟು ಬೆಳ್ಳಗೆ ಇರಲಿಲ್ಲಮ್ಮ. ಕುಲುಮೆ ಇಷ್ಟು ಬೆಳ್ಳಗಾದ್ರೆ ಮೇಲಿನ ಕಮಾನೇ ಕರಗಿ ಗಾಜಿಗೆ ತೊಟ್ಟಿಕ್ಕುತ್ತೆ. ಇದು ಬರೀ ಬಿಳಿ. ಇದರಲ್ಲಿ ಓದೋಕೆ ಏನೂ ಇಲ್ಲ."

ಬಣ್ಣದಕ್ಕನಿಗೆ ಪಿತ್ತ ನೆತ್ತಿಗೇರಿತು. ಅಪ್ಪನಾದರೇನು, ತನ್ನ ಕೋಣೆಯಲ್ಲಿ ಕೂತು ತನಗೆ ಬಣ್ಣ ಹೇಳಿಕೊಡುವುದೆಂದರೆ? "ಅಪ್ಪ, ಅದು ಕುಲುಮೆ, ಇದು ಸಿನಿಮಾ. ಮೊದಲು ಬಂದ ಚಿತ್ರ ನೀವು ನೋಡಿಲ್ಲ. ಎಷ್ಟು ಮಂಕಾಗಿತ್ತು ಗೊತ್ತಾ? ಸತ್ತ ಹಾಗಿತ್ತು."

"ಯಾರಿಗೆ ಮಂಕು?" ಎಂದು ಕೇಳಿದರು ಅಪ್ಪ.

ಅಪ್ಪನ ಕಣ್ಣು ಟವೆಲಿನ ಮೇಲೆ ಬಿತ್ತು. ಅದೇನೆಂದು ಕೇಳಿದರು. ತಮ್ಮ ನಗುತ್ತಾ ಅಕ್ಕನ ಪ್ರತಾಪವನ್ನೆಲ್ಲ ವರ್ಣಿಸಿದ. ಅಪ್ಪ ನಗಲಿಲ್ಲ.

"ನಾನು ಶಾಖದ ಮೀಟರ್ ಮೇಲೆ ಟೋಪಿ ನೇತು ಹಾಕ್ತಿದ್ದೆ" ಎಂದರು. "ಮೀಟರ್ ನೋಡೋನು ಕುಲುಮೆಯವನೇ ಅಲ್ಲ ಅಂತ ನನ್ನ ಜಂಬ. ಐವತ್ತಾರು ದಾಟಿದಾಗ ಬೆಂಕಿ ಮಂಕಾಯ್ತು. ಗ್ಯಾಸಲ್ಲಿ ದಮ್ಮಿಲ್ಲ ಅಂತ ಬೈಕೊಂಡು ಏರಿಸ್ತಾ ಹೋದೆ. ಒಂದಿನ ಕಮಾನಿನ ಇಟ್ಟಿಗೆ ತೊಟ್ಟಿಕ್ಕಿ ಮೂರು ದಿನದ ಗಾಜಿನ ತುಂಬಾ ಕಲ್ಲು. ಮೀಟರ್ ಕೆಟ್ಟಿತ್ತು ಅಂದುಬಿಟ್ಟೆ. ಮೀಟರ್ ರಿಪೇರಿಯವನು ಎಲ್ಲರ ಮುಂದೆ ಬೈಸಿಕೊಂಡ. ಮೀಟರ್ ಸರಿಯಾಗೇ ಇತ್ತು. ಕೆಟ್ಟಿದ್ದು ನನ್ನ ಕಣ್ಣು. ಪೊರೆ ಬಂದಿತ್ತು."

"ನಿಮಗೆ ಆಪರೇಷನ್ ಆಗಿದ್ದು ಗೊತ್ತು. ಇದನ್ನ ಯಾವತ್ತೂ ಹೇಳಲಿಲ್ಲ" ಎಂದ ತಮ್ಮ.

"ಹೇಳೋ ಅಂಥದ್ದಾಗಿದ್ರೆ ಹೇಳ್ತಿದ್ದೆ." ಅಪ್ಪ ಮಗಳ ಕಡೆ ತಿರುಗಿದರು. "ಒಂದ್ಸಲ ಕಣ್ಣು ತೋರಿಸು."

ಅವರು ಹೋದ ಮೇಲೆ ಬಣ್ಣದಕ್ಕ ಬಾಗಿಲು ಹಾಕಿಕೊಂಡಳು. ಪಕ್ಕದ ಕೋಣೆಯ ಸೌಂಡ್ ಇಂಜಿನಿಯರ್ ಒಂದೇ ಬಾಗಿಲು ಬಡಿತವನ್ನು ಹತ್ತು ಸಲ ಕೇಳುತ್ತಿದ್ದ ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕೂತಳು. ಆಮೇಲೆ ಎದ್ದು ಟವೆಲ್ ಎಳೆದಳು. ಅಡಿಯಲ್ಲಿ ಧೂಳು ಒಂದು ಪದರವಾಗಿ ಕೂತಿತ್ತು. ಅದನ್ನು ಅದೇ ಟವೆಲಿನಿಂದ ಒರೆಸಿ, ಕಿಂಡಿಯ ದೃಶ್ಯ ಹಾಕಿದಳು.

ಗೆರೆ ಮೇಲಿನ ಅಂಚಿಗೆ ಬಡಿದು ಹಲಗೆಯಂತೆ ಚಪ್ಪಟೆಯಾಗಿತ್ತು. ಕೆಳಗೂ ಅದೇ ಕಥೆ. ಬೆಂಕಿಯ ಅಷ್ಟೂ ಮಾತು ಸುಣ್ಣವಾಗಿ, ಅಪ್ಪನ ಮುಖ, ಕೈ, ಅಂಗಿ ಎಲ್ಲ ಮಸಿಯಾಗಿ ಕೂತಿದ್ದವು. ಈ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವಳೇ ಅವರನ್ನು ಮೆಟ್ಟಿಲಿಳಿಸಿ ಕಳಿಸುತ್ತಿದ್ದಳು. ಹಿಂದಿನ ತಿಂಗಳ ಕೆಲಸ ತೆರೆದಳು, ಅದರ ಹಿಂದಿನದು, ಅದಕ್ಕೂ ಹಿಂದಿನದು. ಒಂದೂವರೆ ವರ್ಷದ ಉದ್ದಕ್ಕೂ ಅದೇ ಹಲಗೆ. ನಾಚಿಕೆಯಾಯಿತು, ಭಯವೂ ಆಯಿತು. ಇಪ್ಪತ್ತಾರು ವರ್ಷ ಅವಳು ಮಾರಿದ್ದು ಕಣ್ಣನ್ನೇ ಹೊರತು ಬೇರೇನನ್ನೂ ಅಲ್ಲ.

ಮಂಗಳವಾರ ಕಣ್ಣಿನ ಡಾಕ್ಟರು ಯಂತ್ರದ ಮೇಲೆ ಗಲ್ಲ ಇಡಿಸಿ ಎರಡೂ ಕಣ್ಣು ನೋಡಿದರು. "ಎರಡರಲ್ಲೂ ಪೊರೆ ಇದೆ. ಬಲಗಣ್ಣಲ್ಲಿ ಜಾಸ್ತಿ. ಎರಡು ವರ್ಷದಿಂದ ಬೆಳೀತಾ ಇರಬೇಕು. ಏನು ಕೆಲಸ ಮಾಡ್ತೀರಿ?"

"ಬಣ್ಣದ್ದು" ಎಂದಳು.

ಗೋಡೆಗೆ ಹಚ್ಚುವ ಬಣ್ಣವೆಂದು ತಿಳಿದ ಡಾಕ್ಟರು, "ಹಾಗಾದ್ರೆ ತೊಂದರೆ ಇಲ್ಲ ಬಿಡಿ, ಮುಂದಿನ ತಿಂಗಳು ಆಪರೇಷನ್ ಮಾಡೋಣ" ಎಂದರು. ಅವಳು ತಿದ್ದಲು ಹೋಗಲಿಲ್ಲ. ಈಗ ತನಗೆ ಬಿಳಿ ಹೇಗೆ ಕಾಣುತ್ತಿದೆ ಎಂದಷ್ಟೇ ಕೇಳಿದಳು. ತಿಳಿ ಚಹಾ ತುಂಬಿದ ಗಾಜಿನ ಲೋಟದ ಆಚೆಯಿಂದ ನೋಡಿದ ಹಾಗೆ ಎಂದರು ಡಾಕ್ಟರು. ಮನೆಗೆ ಬಂದವಳೇ ಗಂಡನಿಗೆ ಹಳೆಯ ಸೋಪನ್ನೇ ತರಲು ಹೇಳಿದಳು. ಅವನು ಕಾರಣ ಕೇಳಿದ. ಕಾರಣ ಹೇಳುತ್ತಾ ಅತ್ತುಬಿಟ್ಟಳು.

ಬುಧವಾರ ಬೆಳಿಗ್ಗೆ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಷಯ ತಿಳಿಸಿದಳು. "ಬೇಕಾದ್ರೆ ಬೇರೆಯವರ ಹತ್ತಿರ ಮಾಡಿಸು. ನಾನು ಬೇಜಾರು ಮಾಡ್ಕೊಳ್ಳಲ್ಲ" ಎಂದಳು. ಆ ಮಾತು ಸುಳ್ಳೆಂಬುದು ಇಬ್ಬರಿಗೂ ಗೊತ್ತಿತ್ತು.

"ಬಣ್ಣ ಹೇಳೋಕೆ ನಾನಿದ್ದೀನಿ, ಬೆಳಕು ಹೇಳೋಕೆ ಗ್ರಾಫಿದೆ. ಕೈ ನಿನ್ನದೇ ಇರ್ಲಿ" ಎಂದ ತಮ್ಮ.

ಮಾಡಿದ್ದನ್ನೆಲ್ಲ ಅಳಿಸಿ ಮೊದಲಿನ ರಾ ಪ್ರತಿಗೆ ಹಿಂತಿರುಗಿದರು. ಪುಣ್ಯಕ್ಕೆ ಮಡಿಕೆಯಲ್ಲಿ ಬಟ್ಟೆ ಹಾಗೇ ಇತ್ತು. ಬಣ್ಣದಕ್ಕ ಈ ಸಲ ಗ್ರಾಫಿನ ಮುಂದೆ ಶಾಲೆಯ ಮಗುವಿನಂತೆ ಕೂತಳು. ಬೆಂಕಿಯನ್ನು ನಿಧಾನವಾಗಿ ಕೆಳಗಿಳಿಸಿದಾಗ ಹಲಗೆ ಕರಗಿ ಬೆಟ್ಟದ ಸಾಲಾಯಿತು. ಕಿಂಡಿಗೆ ಬೇರೆ ಹಿಡಿತ, ಮುಖಕ್ಕೆ ಬೇರೆ ಹಿಡಿತ; ಒಂದನ್ನು ಎಳೆದರೆ ಇನ್ನೊಂದು ಅಲುಗದ ಹಾಗೆ ಅಂಚುಗಳನ್ನು ಮೃದು ಮಾಡಿದಳು. ಕತ್ತಲನ್ನು ನೆಲದಿಂದ ಎರಡು ಬೆರಳಷ್ಟು ಮೇಲೆತ್ತಿದಳು, ಹೆಚ್ಚಲ್ಲ. ಹೆಚ್ಚು ಎತ್ತಿದರೆ ಕತ್ತಲು ಬೂದಿಯಾಗುತ್ತದೆ. "ಈಗ ಕಿಂಡಿಯೊಳಗೆ ಏನು ಕಾಣ್ತಿದೆ ಹೇಳು" ಎನ್ನುತ್ತಿದ್ದಳು. "ಕಿತ್ತಳೆ. ಮೂಲೇಲಿ ಕೆಂಪು. ಅಕ್ಕ, ಒಳಗಿನ ಗೋಡೆ ಕಾಣ್ತಿದೆ!" ಎನ್ನುತ್ತಿದ್ದ ತಮ್ಮ. ಅವಳು ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿ, ಪರದೆಗೆ ಮೂಗು ತಾಗಿಸಿ ನೋಡಿದಳು. ಚಹಾದ ಲೋಟದ ಆಚೆಯಿಂದಲೂ ಕಂಡಿತು. ಕುಲುಮೆಯೊಳಗಿನ ಇಟ್ಟಿಗೆಗಳು, ಅವುಗಳ ನಡುವಿನ ಸಂದುಗಳು, ಎಣಿಸುವಷ್ಟು ಸ್ಪಷ್ಟ. ಎಷ್ಟೋ ದಿನಗಳ ನಂತರ ಅವಳಿಗೆ ತನ್ನ ಕೆಲಸದ ಮೇಲೆ ಹೆಮ್ಮೆಯಾಯಿತು.

ಶುಕ್ರವಾರ ಅಪ್ಪ ಮತ್ತೆ ಬಂದರು. ಅದೇ ಮರದ ಕುರ್ಚಿ. ದೃಶ್ಯ ಬಂದಾಗ ಅವಳಿಗೆ ಸುಮ್ಮನಿರಲಾಗಲಿಲ್ಲ. "ನೋಡಿ ಅಪ್ಪ, ಒಂದೊಂದು ಇಟ್ಟಿಗೆ ಸಂದೂ ಕಾಣ್ತಿದೆ. ಈಗ ಓದೋಕೆ ಆಗುತ್ತಾ?"

ಅಪ್ಪ ಮತ್ತೊಮ್ಮೆ ಹಾಕು ಎಂದು ಕೈಸನ್ನೆ ಮಾಡಿದರು. ಮತ್ತೊಮ್ಮೆ ನೋಡಿದರು.

"ಆಗುತ್ತೆ" ಎಂದರು. "ಉರಿ ಇರೋವಾಗ ಸಂದು ಕಾಣಲ್ಲಮ್ಮ. ಒಳಗೆ ಎಲ್ಲಾ ಒಂದೇ ಸಮ ಬೆಳಗ್ತಾ ಇರುತ್ತೆ, ಇಟ್ಟಿಗೆ ಯಾವುದು ಸಂದು ಯಾವುದು ಗೊತ್ತೇ ಆಗಲ್ಲ. ಸಂದು ಕಾಣ್ತು ಅಂದ್ರೆ ಗ್ಯಾಸ್ ನಿಂತು ನಾಲ್ಕೈದು ಗಂಟೆ ಆಯ್ತು ಅಂತ ಅರ್ಥ."

ತಮ್ಮ ನೆಲ ನೋಡುತ್ತಿದ್ದ. ಬಣ್ಣದಕ್ಕ ಅವನ ಕಡೆ ನೋಡಿದಳು.

"ಬೆಳಗಿನ ಜಾವ ಐದಕ್ಕೇ ಮೇಲಿನಿಂದ ಆರ್ಡರ್ ಬಂತಂತೆ" ಎಂದ ತಮ್ಮ, ತಲೆಯೆತ್ತದೆ. "ನಾವು ಹೋಗೋಷ್ಟರಲ್ಲಿ ಇಂಜಿನಿಯರ್ ಆಫೀಸಿಂದಲೇ ಸ್ವಿಚ್ ಒತ್ತಿ ನಿಲ್ಲಿಸಿಬಿಟ್ಟಿದ್ದ. ಅಪ್ಪ ಗೇಟಿನ ಹತ್ತಿರ ಅಂಗಿ ಗುಂಡಿ ಹಾಕ್ಕೊಳ್ತಾ ನಿಂತಿದ್ರು. ನನಗೆ ಹೇಳೋಕೆ ಬಾಯಿ ಬರಲಿಲ್ಲ. ಅಲ್ಲಿದ್ದ ಹತ್ತು ಜನಕ್ಕೂ ಹೇಳಬೇಡಿ ಅಂತ ನಾನೇ ಬೇಡ್ಕೊಂಡೆ. ಕಿಂಡೀಲಿ ಕೆಂಪಗೆ ಹೊಳೀತಾ ಇತ್ತು. ಗೊತ್ತಾಗಲ್ಲ ಅಂದ್ಕೊಂಡೆ."

"ಮೂವತ್ತನಾಲ್ಕು ವರ್ಷ ನೋಡಿದೋನಿಗೆ?" ಎಂದರು ಅಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ಸ್ವಲ್ಪ ನಗೆಯೇ ಇತ್ತು.

ತಮ್ಮ ಥಟ್ಟನೆ ಅಕ್ಕನ ತೋಳು ಹಿಡಿದ. "ಅಕ್ಕ, ಮೊದಲಿನ ಹಾಗೇ ಬೆಳ್ಳಗೆ ಮಾಡಿಬಿಡು. ಭಾನುವಾರ ಬರೋರೆಲ್ಲ ಕುಲುಮೆ ಹತ್ತಿರ ದುಡಿದೋರು. ಆ ಹತ್ತು ಜನ ಬಿಟ್ಟು ಇನ್ನೊಬ್ಬನಿಗೆ ಗೊತ್ತಾದ್ರೂ ಸಾಕು. ಆರಿದ ಕುಲುಮೆ ಆರಿಸಿದ ಕಿಂಡಿಯಣ್ಣ ಅಂತ ಬಾಯಿಗೆ ಬಂದ ಹಾಗೆ ಆಡ್ಕೋತಾರೆ. ಅಪ್ಪನ್ನ ಅವರ ಮುಂದೆ ಕೂರಿಸಿ ನಾನೇ ಅವಮಾನ ಮಾಡಿದ ಹಾಗಾಗುತ್ತೆ."

ಸುಲಭದ ಕೆಲಸ. ಒಂದು ಗುಂಡಿಯನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿದರೆ ಸಂದುಗಳೆಲ್ಲ ಸುಣ್ಣದಲ್ಲಿ ಮುಚ್ಚಿಹೋಗುತ್ತಿದ್ದವು. ಬಣ್ಣದಕ್ಕನ ಬೆರಳು ಅದರ ಮೇಲೇ ಇತ್ತು. ಅಪ್ಪನ ಮಾನದ ಮುಂದೆ ಇಟ್ಟಿಗೆ ಸಂದು ಯಾವ ಲೆಕ್ಕ ಎಂದು ಅವಳಿಗೂ ಅನಿಸಿತು. ಆದರೂ ತಿರುಗಿಸುವ ಮುಂಚೆ, ಅಭ್ಯಾಸಬಲದಿಂದ, ದೃಶ್ಯವನ್ನು ಮೊದಲಿನಿಂದ ಒಂದೊಂದೇ ಚೌಕಟ್ಟಾಗಿ ಓಡಿಸಿದಳು. ಇಷ್ಟು ದಿನ ಬೆಂಕಿಯನ್ನೇ ನೋಡುತ್ತಿದ್ದವಳು ಈಗ ಕತ್ತಲಿನ ಭಾಗವನ್ನು ಹಿಗ್ಗಿಸಿದಳು.

ಮಸಿಯಾಗಿದ್ದ ಜಾಗದಲ್ಲಿ ಅಪ್ಪ ಇದ್ದರು. ನೀಲಿ ಗಾಜನ್ನು ಕಣ್ಣಿಗೆ ಹಿಡಿದು ಬಾಗುತ್ತಾರೆ. ಹುಬ್ಬು ಒಂದಿಷ್ಟು ಮೇಲೇರುತ್ತದೆ. ಗಾಜು ಹಿಡಿದ ಕೈ ಮೆಲ್ಲಗೆ ಇಳಿದು, ಗಾಜನ್ನು ಅಂಗಿಯ ಜೇಬಿಗೆ ಹಾಕುತ್ತದೆ. ಬರಿಗಣ್ಣಿನಲ್ಲಿ ಒಳಗೆ ನೋಡುತ್ತಾರೆ. ಉರಿಯುವ ಕುಲುಮೆಯನ್ನು ಬರಿಗಣ್ಣಿನಲ್ಲಿ ನೋಡುವ ಕುಲುಮೆಯವನು ಎಲ್ಲೂ ಇಲ್ಲ. ಇದು ಅವಳಿಗೂ ಚಿಕ್ಕಂದಿನಿಂದ ಗೊತ್ತು. ಆಮೇಲೆ ಅಪ್ಪ ಕತ್ತು ಹೊರಳಿಸಿ ಕ್ಯಾಮೆರಾ ಕಡೆಗೆ, ಎಂದರೆ ಅದರ ಹಿಂದೆ ನಿಂತ ಮಗನ ಕಡೆಗೆ, ಎರಡು ಸೆಕೆಂಡು ನೋಡುತ್ತಾರೆ. ಚಿಕ್ಕಂದಿನಲ್ಲಿ ಮಕ್ಕಳು ಬಚ್ಚಿಟ್ಟುಕೊಂಡಾಗ ಅಪ್ಪ ಕಾಣದವರಂತೆ ನಟಿಸುತ್ತಿದ್ದರಲ್ಲ, ಅದೇ ಮುಖ. ಆಮೇಲೆ ಚಕ್ರಕ್ಕೆ ಕೈ ಹಾಕುತ್ತಾರೆ.

ಬಣ್ಣದಕ್ಕ ಆ ಚೌಕಟ್ಟಿನಲ್ಲಿ ಚಿತ್ರವನ್ನು ನಿಲ್ಲಿಸಿದಳು. ತಮ್ಮ ನೋಡಿದ.

"ನೀವು ಯಾಕೆ ತಿರುಗಿಸಿದ್ರಿ ಅಪ್ಪ?" ಎಂದು ಕೇಳಿದಳು.

"ನೀನು ಇವನ ಮುಖ ನೋಡಬೇಕಿತ್ತು" ಎಂದರು ಅಪ್ಪ. "ಅಷ್ಟು ಆಸೆಯಿಂದ ಕ್ಯಾಮೆರಾ ಹಿಡ್ಕೊಂಡು ನಿಂತಿದ್ದ. ಗ್ಯಾಸ್ ಇಲ್ಲ ಅಂದ್ರೆ ಚಕ್ರ ತಿರುಗಲ್ವಾ?" ಎದ್ದು ನಿಂತು ಅಂಗಿ ಸರಿಮಾಡಿಕೊಂಡರು. "ಹಾಗೇ ಇರ್ಲಿ ಬಿಡು. ಸುಳ್ಳು ಹೇಳೋಕೆ ನನಗೆ ಒಂದು ಸಲ ಸಾಕಾಯ್ತು, ಆ ಮೀಟರ್ ವಿಷಯದಲ್ಲಿ. ಆ ರಿಪೇರಿಯವನೂ ಬರ್ತಾನೆ ಭಾನುವಾರ."

ಗುಂಡಿಯ ಮೇಲಿಂದ ಅವಳು ಕೈ ತೆಗೆದಳು. ತಮ್ಮ ಆ ಸಂಜೆಯೇ, ಅಪ್ಪ ಬೆಂಕಿಯನ್ನು ಕೈಯಾರೆ ಆರಿಸಿದರು ಎಂಬ ತನ್ನ ಹಿನ್ನೆಲೆಯ ಮಾತನ್ನು ಕತ್ತರಿಸಿದ. ಈಗ ಆ ನಲವತ್ತು ಸೆಕೆಂಡಿಗೆ ಮಾತೇ ಇರಲಿಲ್ಲ.

ಭಾನುವಾರ ಸಭಾಭವನದಲ್ಲಿ ನಲವತ್ತೈವತ್ತು ಜನ. ಹೆಚ್ಚಿನವರು ಅರವತ್ತು ದಾಟಿದವರು. ಮಡಚುವ ಕಬ್ಬಿಣದ ಕುರ್ಚಿಗಳಲ್ಲಿ ಕೆಮ್ಮುತ್ತಾ, ಒಬ್ಬರನ್ನೊಬ್ಬರು ರೇಗಿಸುತ್ತಾ ಕೂತಿದ್ದರು. ಅಪ್ಪ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಸಣಕಲು ಮುದುಕರೊಬ್ಬರು. ಮೀಟರ್ ರಿಪೇರಿಯವರಂತೆ. ಫಿಲಂ ಶುರುವಾಗುವ ಮೊದಲು ಅಪ್ಪ ಅವರ ಕಿವಿಯಲ್ಲಿ ಸುಮಾರು ಹೊತ್ತು ಏನೋ ಹೇಳಿದರು. ಅವರು "ಈಗ ಹೇಳ್ತಿದ್ದೀಯಲ್ಲೋ ಮಾರಾಯ" ಎಂದು ಅಪ್ಪನ ತೊಡೆಗೆ ಒಂದು ಏಟು ಕೊಟ್ಟರು, ಅಷ್ಟೇ.

ಬಣ್ಣದಕ್ಕ ಹಿಂದೆ ಗೋಡೆಗೊರಗಿ ನಿಂತಿದ್ದಳು. ಪ್ರೊಜೆಕ್ಟರ್ ಹಳೆಯದು, ಅವಳ ಕಣ್ಣು ಅದಕ್ಕಿಂತ ಹಳೆಯದು. ಕಿಂಡಿಯ ದೃಶ್ಯ ಬಂದಾಗ ಅವಳಿಗೆ ಕಂಡದ್ದು ಕಂದು ಬಣ್ಣದ ಒಂದು ಕಲೆ, ಅದರ ಪಕ್ಕ ಒಂದು ನೆರಳು. ಗ್ರಾಫ್ ಸರಿಯಾಗಿತ್ತು ಎಂದು ತನಗೆ ತಾನೇ ಹೇಳಿಕೊಂಡಳು. ಅಷ್ಟರಲ್ಲಿ ಕತ್ತಲಿನ ನಡುವೆ ಯಾರೋ ಮೆಲ್ಲಗೆ, "ಸಂದು ಕಾಣ್ತಿದೆಯಲ್ಲೋ" ಎಂದರು.

ಭವನದ ಕೆಮ್ಮು ನಿಂತಿತು. ಕುರ್ಚಿಗಳ ಕಿರುಗುಟ್ಟುವಿಕೆ ನಿಂತಿತು. ಅಲ್ಲಿದ್ದವರಿಗೆಲ್ಲ ಒಂದೇ ಕ್ಷಣಕ್ಕೆ ತಿಳಿಯಿತು ಎಂಬುದು ಅವಳಿಗೆ ಆ ಮೌನದಿಂದಲೇ ತಿಳಿಯಿತು. ತಮ್ಮ ಅವಳ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡ. "ಗಾಜು ಜೇಬಿಗೆ ಹಾಕ್ದ ನೋಡು" ಎಂದಿತು ಇನ್ನೊಂದು ದನಿ. ಚಕ್ರದ ಕಿರ್ರೆನ್ನುವ ಸದ್ದು ಒಂದು ಸುತ್ತು, ಎರಡು, ಮೂರು. ಅಲ್ಲಿ ಅಪ್ಪ ಉಸಿರೆಳೆದುಕೊಳ್ಳಲು ನಿಂತ ಜಾಗ.

"ಕಿಂಡಿಯಣ್ಣಾ, ಅರ್ಧ ಸುತ್ತು ಬಾಕಿ!" ಎಂದು ಮೀಟರಿನ ಮುದುಕರು ಕೂಗಿದರು. ಹಿಂದಿನ ಸಾಲಿನಿಂದ ಇನ್ನೊಬ್ಬರು, ಕಿಟಕಿ ಬದಿಯಿಂದ ಮತ್ತೊಬ್ಬರು, ಆಮೇಲೆ ಇಡೀ ಭವನ ಕುರ್ಚಿ ಬಡಿಯುತ್ತಾ, "ಅರ್ಧ ಸುತ್ತು! ಅರ್ಧ ಸುತ್ತು!" ಎಂದು ಕೂಗತೊಡಗಿತು. ಕೆಲವರು ನಗುತ್ತಿದ್ದರು, ಕೆಲವರ ದನಿ ಒಡೆದಿತ್ತು. ಪರದೆಯ ಮೇಲೆ ಅಪ್ಪ ಆ ಅರ್ಧ ಸುತ್ತನ್ನು ಮುಗಿಸಿದರು.

ಬಣ್ಣದಕ್ಕನಿಗೆ ಅದರಲ್ಲಿ ಯಾವುದೂ ಕಾಣಲಿಲ್ಲ. ಮುಂದಿನ ಸಾಲಿನಿಂದ "ಆಯ್ತು ಕಣ್ರೋ, ಮುಚ್ಚಿದೀನಿ" ಎಂದ ಅಪ್ಪನ ದನಿ ಮಾತ್ರ ಕೇಳಿಸಿತು.